ಹ್ಯೂ ಕ್ಲೆಗ್‌ಹಾರ್ನ್

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್ (9 ಆಗಸ್ಟ್ 1820 – 16 ಮೇ 1895) ಸ್ಕಾಟ್ಲೆಂಡ್ ಮೂಲದ ವೈದ್ಯ, ಸಸ್ಯವಿಜ್ಞಾನಿ ಹಾಗೂ ಅರಣ್ಯಾಧಿಕಾರಿ. ಮದರಾಸು ಪ್ರಾಂತ್ಯದ ಅರಣ್ಯ ಇಲಾಖೆಯನ್ನು ಕಟ್ಟಿದವರು ಇವರು. ಭಾರತದಲ್ಲಿ ವೈಜ್ಞಾನಿಕ ಅರಣ್ಯ ನಿರ್ವಹಣೆಗೆ ತಳಹದಿ ಹಾಕಿದವರ ಸಾಲಿನಲ್ಲಿ ಇವರ ಹೆಸರು ಡೀಟ್ರಿಕ್ ಬ್ರಾಂಡಿಸ್ ಅವರ ಹೆಸರಿನೊಂದಿಗೆ ಸೇರಿ ಬರುತ್ತದೆ.

ಕ್ಲೆಗ್‌ಹಾರ್ನ್ ಅವರಿಗೆ ಕಾಡಿನ ಬಗೆಗಿನ ಆಸಕ್ತಿ ಮೂಡಿದ್ದು ಮೈಸೂರು ಸೀಮೆಯ ಶಿವಮೊಗ್ಗದಲ್ಲಿ. ಅಲ್ಲಿನ ಎಲೆಯುದುರುವ ಕಾಡುಗಳಲ್ಲಿ ಯಾವ ಯಾವ ಜಾತಿಯ ಮರಗಳಿವೆ, ಕಡಿದ ಮರದ ಜಾಗದಲ್ಲಿ ಅದೇ ಜಾತಿಯ ಮರ ಮತ್ತೆ ಹುಟ್ಟುತ್ತದೆಯೇ ಎಂಬ ಪ್ರಶ್ನೆಗಳು ಮುಂದೆ ಅವರ ವೃತ್ತಿಜೀವನವನ್ನೇ ರೂಪಿಸಿದವು. ಕನ್ನಡ ಜಿಲ್ಲೆಯ ಘಟ್ಟಗಳಲ್ಲಿ ಕುಮರಿ ಬೇಸಾಯವನ್ನು ನಿರ್ಬಂಧಿಸಿದ 1860ರ ಸರ್ಕಾರಿ ಆದೇಶದ ಹಿಂದೆ ಇವರ ವರದಿಗಳಿದ್ದವು. ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಗಿ ರೂಪುಗೊಳ್ಳುವುದರಲ್ಲಿಯೂ ಇವರ ಸಲಹೆಯ ಪಾತ್ರವಿದೆ.

ಜನನ ಮತ್ತು ವಿದ್ಯಾಭ್ಯಾಸ

ಕ್ಲೆಗ್‌ಹಾರ್ನ್ ಹುಟ್ಟಿದ್ದು ಮದರಾಸಿನಲ್ಲಿ. ತಂದೆ ಪೀಟರ್ ಕ್ಲೆಗ್‌ಹಾರ್ನ್ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ರಿಜಿಸ್ಟ್ರಾರ್ ಆಗಿದ್ದರು. ಅದೇ ಹೆಸರಿನ ತಾತ ಹ್ಯೂ ಕ್ಲೆಗ್‌ಹಾರ್ನ್ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದವರು. ಸಿಂಹಳವು ಡಚ್ಚರ ಕೈಯಿಂದ ಬ್ರಿಟಿಷರ ಕೈಗೆ ಬಂದ ಸಂದರ್ಭದಲ್ಲಿ ಮುಖ್ಯ ಪಾತ್ರ ವಹಿಸಿ, ಆ ದ್ವೀಪದ ಮೊದಲ ವಸಾಹತು ಕಾರ್ಯದರ್ಶಿಯಾದರು. ಬಾಲಕ ಕ್ಲೆಗ್‌ಹಾರ್ನ್ ಅವರನ್ನು ಎಳವೆಯಲ್ಲಿಯೇ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಸೇಂಟ್ ಆಂಡ್ರೂಸ್ ಬಳಿಯ ಸ್ಟ್ರಾವಿಥೀ ಎಂಬಲ್ಲಿದ್ದ ತಾತನ ಎಸ್ಟೇಟಿನಲ್ಲಿ ಅವರು ಬೆಳೆದರು. ಜಮೀನು ಹಾಗೂ ಮರಗಳ ನಿರ್ವಹಣೆಯ ಪರಿಚಯ ಅವರಿಗೆ ಅಲ್ಲಿಯೇ ಆಯಿತು.

ಎಡಿನ್‌ಬರೊದ ಹೈಸ್ಕೂಲಿನಲ್ಲಿಯೂ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿಯೂ ಓದಿದ ನಂತರ ಎಡಿನ್‌ಬರೊದಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದರು. ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಬಳಿ ತರಬೇತಿ ಪಡೆದರು. ರಾಬರ್ಟ್ ಗ್ರಹಾಂ ಅವರಿಂದ ಸಸ್ಯಶಾಸ್ತ್ರ ಕಲಿತರು. ಔಷಧಿಗಳಲ್ಲಿ ಬಹುಪಾಲು ಸಸ್ಯಮೂಲದವೇ ಆಗಿದ್ದ ಆ ಕಾಲದಲ್ಲಿ ವೈದ್ಯ ವಿದ್ಯಾರ್ಥಿಗೆ ಸಸ್ಯಶಾಸ್ತ್ರ ಕಡ್ಡಾಯ ವಿಷಯವಾಗಿತ್ತು. ಭಾರತದ ಸಸ್ಯ ಸಂಪತ್ತನ್ನು ಮೊದಲು ದಾಖಲಿಸಿದ ಐರೋಪ್ಯರಲ್ಲಿ ಅನೇಕರು ವೈದ್ಯರಾಗಿದ್ದುದಕ್ಕೆ ಇದೇ ಕಾರಣ. ಕ್ಲೆಗ್‌ಹಾರ್ನ್ 1841ರಲ್ಲಿ ಎಂ.ಡಿ. ಪದವಿ ಪಡೆದು, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಮದರಾಸಿಗೆ ಮರಳಿದರು.

ಶಿವಮೊಗ್ಗದಲ್ಲಿ

ಮದರಾಸಿನ ಆಸ್ಪತ್ರೆಯಲ್ಲಿ ಕೆಲಕಾಲ ಕೆಲಸ ಮಾಡಿದ ಬಳಿಕ ಕ್ಲೆಗ್‌ಹಾರ್ನ್ ಅವರನ್ನು ಮೈಸೂರು ಸೀಮೆಗೆ ನಿಯೋಜಿಸಲಾಯಿತು. 1831ರಿಂದ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನ್ನಿನ ವಶದಲ್ಲಿತ್ತು. ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ ಮತ್ತು ನಗರ ಎಂಬ ನಾಲ್ಕು ವಿಭಾಗಗಳಾಗಿ ರಾಜ್ಯವನ್ನು ವಿಂಗಡಿಸಲಾಗಿತ್ತು. 1840ರ ದಶಕದ ಮಧ್ಯಭಾಗದಲ್ಲಿ ಕ್ಲೆಗ್‌ಹಾರ್ನ್ ನಗರ ವಿಭಾಗದ ವೈದ್ಯಾಧಿಕಾರಿಯಾಗಿ ಶಿವಮೊಗ್ಗದಲ್ಲಿ ನೆಲೆಸಿದರು.

ವೈದ್ಯ ವೃತ್ತಿಯ ನಡುವೆಯೇ ಅವರು ಸಸ್ಯಗಳ ಅಧ್ಯಯನವನ್ನು ಒಂದು ನಿತ್ಯವ್ರತವಾಗಿ ಕೈಗೊಂಡರು. ದಿನಕ್ಕೊಂದು ಗಿಡವನ್ನು ಎತ್ತಿಕೊಂಡು, ಅದರ ಹೂವು, ಎಲೆ, ಕಾಯಿಗಳನ್ನು ಪರಿಶೀಲಿಸುವುದು ಅವರ ಕ್ರಮ. ಮರಾಠಿ ಮೂಲದ ಒಬ್ಬ ಚಿತ್ರಕಾರನನ್ನು ನೇಮಿಸಿಕೊಂಡು ಆ ಸಸ್ಯಗಳ ಚಿತ್ರಗಳನ್ನು ಬರೆಯಿಸಿದರು. ಆ ಚಿತ್ರಕಾರನ ಹೆಸರು ದಾಖಲೆಗಳಲ್ಲಿ ಉಳಿದುಬಂದಿಲ್ಲ. ಆದರೆ ಚಿತ್ರಗಳು ಉಳಿದಿವೆ. ಶಿವಮೊಗ್ಗದ ಸುತ್ತಲಿನ ಸಸ್ಯವರ್ಗವು 19ನೆಯ ಶತಮಾನದ ನಡುವಿನಲ್ಲಿ ಹೇಗಿತ್ತು ಎಂಬುದಕ್ಕೆ ಅವು ಇಂದಿಗೂ ಆಧಾರ.

ಮೈಸೂರಿನ ಕಾಡುಗಳನ್ನು ದಾಖಲಿಸಿದ ಮೊದಲ ವೈದ್ಯ ಕ್ಲೆಗ್‌ಹಾರ್ನ್ ಅಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800–01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು, ಕನ್ನಡ ಮತ್ತು ಮಲಬಾರ್ ಸೀಮೆಗಳಲ್ಲಿ ಸಂಚರಿಸಿ, ಹಲವೆಡೆ ಕಾಡಿನ ಮರಗಳ ಪಟ್ಟಿಯನ್ನು ಸ್ಥಳೀಯ ಹೆಸರುಗಳೊಂದಿಗೆ ಬರೆದುಕೊಂಡಿದ್ದರು. ಅವರ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಬುಕಾನನ್ ಒಂದೊಂದು ಊರಿನಲ್ಲಿ ಕೆಲವೇ ದಿನ ತಂಗಿದವರು. ಒಂದೇ ಸೀಮೆಯಲ್ಲಿ ನೆಲೆನಿಂತ ಕ್ಲೆಗ್‌ಹಾರ್ನ್ ಅವರಿಗೆ, ಕಾಡು ಋತುವಿನಿಂದ ಋತುವಿಗೆ ಬದಲಾಗುವುದನ್ನೂ, ಕಡಿದ ಜಾಗ ಏನಾಗುತ್ತದೆ ಎಂಬುದನ್ನೂ ಕಾಣುವ ಅವಕಾಶ ದೊರೆಯಿತು.

ಅವರು ಕಂಡ ಕಾಡು

ಶಿವಮೊಗ್ಗ ಎರಡು ಬಗೆಯ ಕಾಡುಗಳ ಗಡಿಯಲ್ಲಿರುವ ಊರು. ಪಶ್ಚಿಮಕ್ಕೆ, ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ನಿತ್ಯಹರಿದ್ವರ್ಣದ ಕಾಡು. ಪೂರ್ವಕ್ಕೆ ಬಂದಂತೆ ಮಳೆ ತಗ್ಗಿ, ಮೊದಲು ಅರೆ ಎಲೆಯುದುರುವ ಕಾಡು, ಆಮೇಲೆ ತೇವದ ಎಲೆಯುದುರುವ ಕಾಡು, ನಂತರ ಒಣ ಎಲೆಯುದುರುವ ಕಾಡು ಬರುತ್ತವೆ. ಚಿತ್ರದುರ್ಗದ ಆಚೆಗೆ ಮುಳ್ಳುಗಿಡಗಳ ಕುರುಚಲು ಉಳಿಯುತ್ತದೆ. ಇಷ್ಟೊಂದು ಬಗೆಯ ಕಾಡುಗಳು ಕೆಲವೇ ದಿನಗಳ ಕುದುರೆ ಪಯಣದ ಅಂತರದಲ್ಲಿದ್ದವು.

ಶಿವಮೊಗ್ಗ ಹಾಗೂ ಭದ್ರಾ ಸುತ್ತಲಿನ ಎಲೆಯುದುರುವ ಕಾಡಿನ ಮುಖ್ಯ ಮರಗಳು ತೇಗ, ಬೀಟೆ, ಮತ್ತಿ, ಹೊನ್ನೆ, ನಂದಿ, ಹುನಾಲು, ಜಂಬೆ, ದಿಂಡಿಗ ಮತ್ತು ತಾರೆ. ಕೆಳಹಂತದಲ್ಲಿ ನೆಲ್ಲಿ, ಕವಲು, ಮುತ್ತುಗ ಹಾಗೂ ಬಿದಿರು ಬೆಳೆಯುತ್ತವೆ. ಹೊಳೆಯ ದಂಡೆ, ಕಣಿವೆಗಳಂತಹ ತಂಪಿನ ಜಾಗಗಳಲ್ಲಿ ಎಲೆಯುದುರದ ಮರಗಳೂ ಸೇರಿ ಮಿಶ್ರ ಕಾಡು ಉಂಟಾಗುತ್ತದೆ. ಸೊರಬ, ಸಾಗರದ ಕಡೆ ಜನರು ಕಾಡು ಮತ್ತು ಕಾನು ಎಂಬ ಎರಡು ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ: ಎಲೆಯುದುರುವುದು ಕಾಡು, ಅದರ ನಡುವೆ ಹಸಿರಾಗಿಯೇ ಉಳಿಯುವ, ಮೆಣಸಿನ ಬಳ್ಳಿ ಹಬ್ಬಿದ, ಊರವರು ಕಾಪಾಡಿಕೊಂಡು ಬಂದ ತೋಪು ಕಾನು. ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಜಂಟಿ ವರದಿಯೊಂದನ್ನು ಸಲ್ಲಿಸಿದರು.

ಇಂತಹ ಕಾಡಿನಲ್ಲಿ ಪ್ರತಿ ಜಾತಿಯ ಮರುಹುಟ್ಟಿನ ದಾರಿಯೂ ಬೇರೆ. ತೇಗದ ಬೀಜಕ್ಕೆ ಗಟ್ಟಿ ಹೊದಿಕೆಯಿರುವುದರಿಂದ ಅದು ಮೊಳೆಯಲು ನಿಧಾನ. ಮೊಳೆತ ಸಸಿಗೆ ಬಿಸಿಲು ಬೇಕು, ದಟ್ಟ ನೆರಳಿನಲ್ಲಿ ಅದು ಏಳದು. ಬೇಸಿಗೆಯ ನೆಲಬೆಂಕಿಯಲ್ಲಿ ಸಸಿಯ ಕಾಂಡ ಸುಟ್ಟರೂ ಬೇರು ಬದುಕಿದ್ದು ಮುಂಗಾರಿಗೆ ಮತ್ತೆ ಚಿಗುರುತ್ತದೆ. ಹೀಗೆ ಹಲವು ವರ್ಷ ಸುಟ್ಟು ಚಿಗುರಿದ ಮೇಲೆ, ಬೇರು ಬಲಿತ ಒಂದು ವರ್ಷ ಕಾಂಡವು ಬೆಂಕಿಗೆ ನಿಲುಕದಷ್ಟು ಎತ್ತರಕ್ಕೆ ಬೆಳೆಯುತ್ತದೆ. ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಸತ್ತಾಗ ನೆಲಕ್ಕೆ ಬೆಳಕು ಬಿದ್ದು, ಕಾದು ಕುಳಿತ ಮರದ ಸಸಿಗಳು ಮೇಲೇಳುತ್ತವೆ. ಬೆಂಕಿ, ಮೇವು ಮತ್ತು ಕಡಿತಗಳ ಪ್ರಮಾಣ ಮಿತಿಮೀರಿದಾಗ ಬುಡದಿಂದ ಚಿಗುರಬಲ್ಲ, ದಪ್ಪ ತೊಗಟೆಯ ಜಾತಿಗಳಷ್ಟೇ ಉಳಿದು, ಉಳಿದವು ಒಂದೊಂದಾಗಿ ಮರೆಯಾಗುತ್ತವೆ. ಆಗ ಕಾಡು ಹೊರನೋಟಕ್ಕೆ ಕಾಡಾಗಿಯೇ ಕಂಡರೂ ಅದರ ಜಾತಿ ಸಂಯೋಜನೆ ಬದಲಾಗಿರುತ್ತದೆ.

ಈ ಪ್ರಕ್ರಿಯೆಗಳ ವಿವರವಾದ ಅರಿವು ಮೂಡಿದ್ದು ನಂತರದ ಕಾಲದಲ್ಲಿ. ಆದರೆ ಮೂಲ ಸಮಸ್ಯೆಯನ್ನು ಕ್ಲೆಗ್‌ಹಾರ್ನ್ ಶಿವಮೊಗ್ಗದಲ್ಲಿಯೇ ಗುರುತಿಸಿದ್ದರು. ಬೆಲೆಬಾಳುವ ತೇಗದ ಮರಗಳು ಲೆಕ್ಕವಿಲ್ಲದೆ ಕಡಿಯಲ್ಪಡುತ್ತಿವೆ, ಅವುಗಳ ಜಾಗಕ್ಕೆ ಹೊಸ ತೇಗ ಬರುತ್ತಿಲ್ಲ ಎಂಬ ಸಂಗತಿಯತ್ತ ಅವರು ಮೈಸೂರು ಕಮಿಷನ್ನಿನ ಗಮನ ಸೆಳೆದರು.

1851ರ ವರದಿ

ಅನಾರೋಗ್ಯದ ಕಾರಣ ಕ್ಲೆಗ್‌ಹಾರ್ನ್ 1848ರಲ್ಲಿ ರಜೆಯ ಮೇಲೆ ಬ್ರಿಟನ್ನಿಗೆ ತೆರಳಿದರು. 1850ರಲ್ಲಿ ಎಡಿನ್‌ಬರೊದಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನವು ಉಷ್ಣವಲಯದ ಕಾಡುಗಳ ನಾಶದಿಂದ ಆಗಬಹುದಾದ ಆರ್ಥಿಕ ಮತ್ತು ಭೌತಿಕ ಪರಿಣಾಮಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಕ್ಲೆಗ್‌ಹಾರ್ನ್ ಜೊತೆಗೆ ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್ ಮತ್ತು ರಿಚರ್ಡ್ ಸ್ಟ್ರೇಚಿ ಅದರ ಸದಸ್ಯರಾಗಿದ್ದರು. 1851ರಲ್ಲಿ ಇಪ್ಸ್‌ವಿಚ್ ಅಧಿವೇಶನದಲ್ಲಿ ವರದಿ ಮಂಡನೆಯಾಯಿತು.

ಕಾಡು ಕಡಿದರೆ ಮಳೆ ಕಡಿಮೆಯಾಗಿ, ಒರತೆಗಳು ಬತ್ತಿ, ಬರ ಬರುತ್ತದೆಯೇ ಎಂಬುದು ಆ ಕಾಲದಲ್ಲಿ ವಿದ್ವಾಂಸರನ್ನು ಕಾಡುತ್ತಿದ್ದ ಪ್ರಶ್ನೆ. ಮದರಾಸಿನ ಇನ್ನೊಬ್ಬ ವೈದ್ಯ ಎಡ್ವರ್ಡ್ ಬಾಲ್ಫರ್ 1849ರಲ್ಲಿ ಇದೇ ವಿಷಯವಾಗಿ ಬರೆದಿದ್ದರು. ಸಮಿತಿಯ ವರದಿಯು ಮಳೆಯ ಬಗ್ಗೆ ಎಚ್ಚರಿಕೆಯ ನಿಲುವು ತಳೆದರೂ, ಮಣ್ಣಿನ ತೇವ ಉಳಿಸುವುದರಲ್ಲಿ ಮತ್ತು ನೀರಿನ ಸೆಲೆಗಳನ್ನು ಕಾಯುವುದರಲ್ಲಿ ಕಾಡಿನ ಪಾತ್ರವನ್ನು ಒತ್ತಿ ಹೇಳಿತು. ಭಾರತದ ಅರಣ್ಯಗಳಿಗೆ ವ್ಯವಸ್ಥಿತ ಮೇಲ್ವಿಚಾರಣೆ ಬೇಕೆಂಬ ವಾದಕ್ಕೆ ಇದು ಬಲ ನೀಡಿತು. ಈ ವರದಿಗೆ ಕ್ಲೆಗ್‌ಹಾರ್ನ್ ಒದಗಿಸಿದ ಸಾಮಗ್ರಿಯಲ್ಲಿ ಮೈಸೂರು ಮತ್ತು ಮಲಬಾರ್ ಕಡೆಯ ಅನುಭವ ಸೇರಿತ್ತು.

ಮದರಾಸು ಮತ್ತು ಲಾಲ್‌ಬಾಗ್

1852ರಲ್ಲಿ ಮದರಾಸಿಗೆ ಮರಳಿದ ಕ್ಲೆಗ್‌ಹಾರ್ನ್ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹಾಗೂ ಔಷಧ ದ್ರವ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮದರಾಸಿನ ಕೃಷಿ ಮತ್ತು ತೋಟಗಾರಿಕಾ ಸಂಘದ ಕಾರ್ಯದರ್ಶಿಯಾಗಿ, ಅದರ ತೋಟದ ಸಸ್ಯಗಳ ಪಟ್ಟಿಯನ್ನು 1853ರಲ್ಲಿ ಪ್ರಕಟಿಸಿದರು. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರ ಬಳಿ ಕೆಲಸ ಮಾಡಿದ್ದ ಚಿತ್ರಕಾರ ಗೋವಿಂದು ಈ ಅವಧಿಯಲ್ಲಿ ಕ್ಲೆಗ್‌ಹಾರ್ನ್ ಅವರಿಗಾಗಿಯೂ ಚಿತ್ರಗಳನ್ನು ರಚಿಸಿದರು.

ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ್ದ ಬೆಂಗಳೂರಿನ ಲಾಲ್‌ಬಾಗ್ ತೋಟವು ಹಲವರ ಕೈ ಬದಲಾಯಿಸಿತ್ತು. 1856ರಲ್ಲಿ ಅದನ್ನು ಸರ್ಕಾರಿ ಸಸ್ಯೋದ್ಯಾನವನ್ನಾಗಿ ಪುನರ್‌ರಚಿಸುವಾಗ ಕಬ್ಬನ್ ಅವರು ಕ್ಲೆಗ್‌ಹಾರ್ನ್ ಅವರ ಸಲಹೆ ಪಡೆದರು. ತರಬೇತಿ ಹೊಂದಿದ ತೋಟಗಾರಿಕಾ ತಜ್ಞರೊಬ್ಬರನ್ನು ಮೇಲ್ವಿಚಾರಕರನ್ನಾಗಿ ನೇಮಿಸಬೇಕೆಂಬುದು ಅವರ ಶಿಫಾರಸಾಗಿತ್ತು. ಅದರಂತೆ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ನ್ಯೂ 1858ರಲ್ಲಿ ಲಾಲ್‌ಬಾಗಿನ ಹೊಣೆ ವಹಿಸಿಕೊಂಡರು.

ಅರಣ್ಯ ಸಂರಕ್ಷಣಾಧಿಕಾರಿ

ದಕ್ಷಿಣ ಭಾರತದಲ್ಲಿ ಕಾಡಿನ ಮೇಲ್ವಿಚಾರಣೆಗೆ ಅಧಿಕಾರಿಯನ್ನು ನೇಮಿಸಿದ್ದು ಇದೇ ಮೊದಲಲ್ಲ. ಹಡಗು ಕಟ್ಟಲು ಬೇಕಾದ ತೇಗಕ್ಕಾಗಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅವರನ್ನು ಮಲಬಾರ್ ಮತ್ತು ಕನ್ನಡ ಜಿಲ್ಲೆಗಳ ಸಂರಕ್ಷಣಾಧಿಕಾರಿಯಾಗಿ ನೇಮಿಸಲಾಗಿತ್ತು. ವ್ಯಾಪಾರಿಗಳ ಹಾಗೂ ರೈತರ ವಿರೋಧ ಹೆಚ್ಚಿದ ಕಾರಣ, ಗವರ್ನರ್ ಥಾಮಸ್ ಮನ್ರೊ ಅವರ ಕಾಲದಲ್ಲಿ, 1823ರಲ್ಲಿ ಆ ಹುದ್ದೆ ರದ್ದಾಯಿತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕಾನಲಿ ನಿಲಂಬೂರಿನಲ್ಲಿ ತೇಗದ ನೆಡುತೋಪು ಆರಂಭಿಸಿದರು. ಅದನ್ನು ಬೆಳೆಸುವುದರಲ್ಲಿ ಚಾತು ಮೇನೋನ್ ಅವರ ಶ್ರಮ ಮುಖ್ಯವಾದದ್ದು. ತಾನಾಗಿ ಹುಟ್ಟದ ತೇಗವನ್ನು ಕೈಯಿಂದ ನೆಟ್ಟು ಬೆಳೆಸಬಹುದೆಂದು ನಿಲಂಬೂರು ತೋರಿಸಿತು.

1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅರಣ್ಯ ನೀತಿಯ ರೂಪುರೇಷೆಯನ್ನು ಪ್ರಕಟಿಸಿದರು. ಅದರ ಬೆನ್ನಿಗೆ ಮದರಾಸಿನ ಗವರ್ನರ್ ಹ್ಯಾರಿಸ್ ಅರಣ್ಯ ಇಲಾಖೆಯನ್ನು ಸಂಘಟಿಸುವ ಕೆಲಸವನ್ನು ಕ್ಲೆಗ್‌ಹಾರ್ನ್ ಅವರಿಗೆ ವಹಿಸಿದರು. 1856ರ ಕೊನೆಯಲ್ಲಿ ಅವರು ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡರು. ಅಂದಿನ ಕನ್ನಡ ಜಿಲ್ಲೆ, ಅಂದರೆ ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಹಾಗೂ ಕಾಸರಗೋಡಿನ ಪ್ರದೇಶ, ಮದರಾಸಿಗೆ ಸೇರಿತ್ತು. ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು 1862ರಲ್ಲಿ. ಹೀಗಾಗಿ ದಾಂಡೇಲಿ, ಸೂಪದ ತೇಗದ ಕಾಡುಗಳಿಂದ ಆನೆಮಲೆಯವರೆಗಿನ ಘಟ್ಟ ಪ್ರದೇಶ ಅವರ ವ್ಯಾಪ್ತಿಗೆ ಬಂದಿತು.

ಕ್ಲೆಗ್‌ಹಾರ್ನ್ ಈ ಪ್ರದೇಶದಲ್ಲಿ ಸುದೀರ್ಘ ಪ್ರವಾಸಗಳನ್ನು ಕೈಗೊಂಡು, ಯಾವ ಕಾಡಿನಲ್ಲಿ ಯಾವ ಮರಗಳಿವೆ, ಅವುಗಳಲ್ಲಿ ಎಷ್ಟು ಕಡಿಯಬಹುದು, ಯಾವ ಹೊಳೆಯ ಮೂಲಕ ಸಾಗಿಸಬಹುದು ಎಂಬುದನ್ನು ವರದಿ ಮಾಡಿದರು. 1858ರಲ್ಲಿ ಆನೆಮಲೆಯ ಎತ್ತರದ ಪ್ರದೇಶಗಳನ್ನು ಅನ್ವೇಷಿಸಿದರು. ಬೆಲೆಬಾಳುವ ಜಾತಿಗಳನ್ನು ಕಾಯ್ದಿರಿಸುವುದು, ಪರವಾನಗಿ ಇಲ್ಲದೆ ಕಡಿಯದಂತೆ ತಡೆಯುವುದು, ನಾಟಾ ಡಿಪೋಗಳನ್ನು ತೆರೆಯುವುದು, ನೆಡುತೋಪು ಬೆಳೆಸುವುದು ಅವರು ತಂದ ವ್ಯವಸ್ಥೆಯ ಮುಖ್ಯ ಅಂಗಗಳಾಗಿದ್ದವು. ಅವರ ಸಹಾಯಕರಾಗಿದ್ದ ರಿಚರ್ಡ್ ಹೆನ್ರಿ ಬೆಡ್ಡೋಮ್ ನಂತರ ಅವರ ಸ್ಥಾನಕ್ಕೆ ಬಂದು, ದಕ್ಷಿಣ ಭಾರತದ ಮರಗಳ ಕುರಿತು ಮಹತ್ವದ ಗ್ರಂಥ ರಚಿಸಿದರು.

ಕುಮರಿ ಬೇಸಾಯದ ನಿರ್ಬಂಧ

ಕುಮರಿ ಎಂಬುದು ಘಟ್ಟದ ಇಳಿಜಾರುಗಳಲ್ಲಿ ಕಾಡು ಕಡಿದು, ಒಣಗಿಸಿ, ಬೇಸಿಗೆಯಲ್ಲಿ ಸುಟ್ಟು, ಆ ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯ ಬಿತ್ತುವ ಪದ್ಧತಿ. ಒಂದೆರಡು ವರ್ಷ ಬೆಳೆ ತೆಗೆದು ಆ ಜಾಗವನ್ನು ಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಹಲವು ವರ್ಷಗಳ ಬಳಿಕ ಕಾಡು ಮರಳಿ ಬೆಳೆದಾಗ ಮತ್ತೆ ಅಲ್ಲಿಗೆ ಬರುತ್ತಿದ್ದರು. ಕುಡುಬಿ, ಮರಾಠಿ, ಮಲೆಕುಡಿಯ, ಕುಣಬಿ ಮೊದಲಾದ ಸಮುದಾಯಗಳಿಗೆ ಇದೇ ಜೀವನಾಧಾರವಾಗಿತ್ತು. ಕನ್ನಡ ಜಿಲ್ಲೆಯಲ್ಲಿ ಸರ್ಕಾರಿ ಕಾಡಿನಲ್ಲಿ ಮಾಡುವ ಕುಮರಿ ಹಾಗೂ ವರ್ಗದ ಹಿಡುವಳಿಗೆ ಸೇರಿದ ಕುಮರಿ ಎಂಬ ಭೇದವೂ ಇತ್ತು.

ಕ್ಲೆಗ್‌ಹಾರ್ನ್ ಅವರ ಅಭಿಪ್ರಾಯದಲ್ಲಿ ಕುಮರಿಯು ಕಾಡಿನ ದೊಡ್ಡ ಶತ್ರು. ಅಲ್ಪ ಪ್ರಮಾಣದ ಧಾನ್ಯಕ್ಕಾಗಿ ಬೆಲೆಬಾಳುವ ಮರಗಳು ಬೂದಿಯಾಗುತ್ತವೆ, ಬಿಟ್ಟ ನೆಲದಲ್ಲಿ ಹಳೆಯ ಕಾಡಿನ ಬದಲು ಮುಳ್ಳುಪೊದೆ ಮತ್ತು ಕೆಲಸಕ್ಕೆ ಬಾರದ ಗಿಡಗಳು ಏಳುತ್ತವೆ ಎಂಬುದು ಅವರ ವಾದ. 1860ರಲ್ಲಿ ಮದರಾಸು ಸರ್ಕಾರವು ಪೂರ್ವಾನುಮತಿಯಿಲ್ಲದೆ ಸರ್ಕಾರಿ ಕಾಡುಗಳಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು. ತಲೆಮಾರುಗಳಿಂದ ಕಾಡನ್ನು ಆಶ್ರಯಿಸಿದ್ದವರು ಕ್ರಮೇಣ ತೋಟಗಳಲ್ಲಿಯೂ ಅರಣ್ಯ ಇಲಾಖೆಯ ಕೆಲಸಗಳಲ್ಲಿಯೂ ಕೂಲಿಗಳಾಗಬೇಕಾಯಿತು.

ಈ ವಾದದ ಸತ್ಯಾಸತ್ಯ ಕಾಡು ಮರಳಿ ಬೆಳೆಯಲು ದೊರೆಯುವ ಅವಧಿಯನ್ನು ಅವಲಂಬಿಸಿದೆ. ದೀರ್ಘ ಬಿಡುವು ದೊರೆತ ಕುಮರಿ ಜಾಗದಲ್ಲಿ ಬೆಳಕು ಬಯಸುವ ಎಲೆಯುದುರುವ ಮರಗಳು ಬೇಗ ಬರುತ್ತವೆ, ನಿತ್ಯಹರಿದ್ವರ್ಣದ ಜಾತಿಗಳು ನಿಧಾನವಾಗಿ ಹಿಂಬಾಲಿಸುತ್ತವೆ. ಬಿಡುವು ಕಡಿಮೆಯಾದಷ್ಟೂ ಕಾಡು ಕುರುಚಲಾಗುತ್ತದೆ. ಒಳ್ಳೆಯ ಕಾಡುಗಳನ್ನು ಸರ್ಕಾರ ಕಾಯ್ದಿರಿಸಿಕೊಂಡಂತೆ ಉಳಿದ ಅಲ್ಪ ಜಾಗದಲ್ಲಿ ಬಿಡುವು ಇನ್ನೂ ಮೊಟಕಾಯಿತು.

ಇದೇ ಕಾಲದಲ್ಲಿ ಬರ್ಮಾದಲ್ಲಿ ಬ್ರಾಂಡಿಸ್ ಬೇರೆ ದಾರಿ ಹಿಡಿದರು. ಅಲ್ಲಿನ ಅಲೆಮಾರಿ ಬೇಸಾಯಗಾರರಿಗೆ ಸುಟ್ಟ ಜಾಗದಲ್ಲಿ ಧಾನ್ಯದ ಜೊತೆಗೆ ತೇಗವನ್ನೂ ಬಿತ್ತಲು ಒಪ್ಪಿಸಿ, ಅವರು ಬಿಟ್ಟುಹೋದ ನೆಲವನ್ನು ತೇಗದ ತೋಪಾಗಿಸಿದರು. ಟೌಂಗ್ಯಾ ಎಂಬ ಹೆಸರಿನ ಈ ಪದ್ಧತಿ 20ನೆಯ ಶತಮಾನದಲ್ಲಿ ಕೊಡಗು, ಉತ್ತರ ಕನ್ನಡಗಳಲ್ಲಿಯೂ ಬಳಕೆಗೆ ಬಂದಿತು. ಕ್ಲೆಗ್‌ಹಾರ್ನ್ ತಡೆಯಬಯಸಿದ ಬೆಂಕಿ 20ನೆಯ ಶತಮಾನದಲ್ಲಿ ಇಲಾಖೆಯ ನೆಡುತೋಪುಗಳ ಸಾಧನವಾಯಿತು.

ರೈಲು ಮತ್ತು ಕಾಡು

ಕ್ಲೆಗ್‌ಹಾರ್ನ್ ಅಧಿಕಾರ ವಹಿಸಿಕೊಂಡ 1856ರಲ್ಲಿಯೇ ಮದರಾಸಿನಿಂದ ದಕ್ಷಿಣ ಭಾರತದ ಮೊದಲ ರೈಲು ಓಡಿತು. ಹಳಿಯ ಕೆಳಗೆ ಹಾಸುವ ಮರದ ಸ್ಲೀಪರ್‌ಗಳಿಗೂ ಇಂಜಿನ್ನಿನ ಸೌದೆಗೂ ಮರದ ಬೇಡಿಕೆ ಒಮ್ಮೆಲೇ ಏರಿತು. ಗೆದ್ದಲು ಮತ್ತು ಮಳೆಗೆ ತಡೆಯುವ ಕೆಲವೇ ಜಾತಿಗಳು ಸ್ಲೀಪರ್‌ಗೆ ಯೋಗ್ಯವಾಗಿದ್ದುದರಿಂದ ಕಡಿತವು ಆ ಜಾತಿಗಳ ಮೇಲೆಯೇ ಬಿದ್ದಿತು. ಕೈಗೆಟಕುವ ಬೆಟ್ಟಗಳಲ್ಲಿ ಗುತ್ತಿಗೆದಾರರು ಬೇಕಾದ್ದಕ್ಕಿಂತ ಹೆಚ್ಚು ಕಡಿದು ವ್ಯರ್ಥ ಮಾಡುತ್ತಿದ್ದುದನ್ನೂ, ಹಿಂದೆ ಮರಗಳಿಂದ ತುಂಬಿದ್ದ ಉತ್ತರ ಆರ್ಕಾಟಿನ ಬೆಟ್ಟಗಳು ಬೋಳಾಗುತ್ತಿದ್ದುದನ್ನೂ ಕ್ಲೆಗ್‌ಹಾರ್ನ್ ತಮ್ಮ ವರದಿಗಳಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ.

ಹೀಗೆ ಅವರ ವರದಿಗಳಲ್ಲಿ ಕಾಡಿನ ನಾಶಕ್ಕೆ ಎರಡು ಕಾರಣಗಳು ಕಾಣುತ್ತವೆ: ಬೇಸಾಯಗಾರನ ಕೊಡಲಿ ಒಂದು, ರೈಲ್ವೆ ಗುತ್ತಿಗೆದಾರನ ಕೊಡಲಿ ಇನ್ನೊಂದು. ಮೊದಲನೆಯದಕ್ಕೆ ನಿಷೇಧ ಬಂದಿತು. ಎರಡನೆಯದಕ್ಕೆ ಪರವಾನಗಿ, ಶುಲ್ಕ ಮತ್ತು ಪೂರೈಕೆಯ ಯೋಜನೆ ಬಂದವು. ಬೇಡಿಕೆಯನ್ನು ತಗ್ಗಿಸುವುದು ಅರಣ್ಯ ಇಲಾಖೆಯ ಅಧಿಕಾರದಲ್ಲಿರಲಿಲ್ಲ. ಅದನ್ನು ಪೂರೈಸುವುದೇ ಅದರ ಹುಟ್ಟಿಗೆ ಕಾರಣಗಳಲ್ಲಿ ಒಂದಾಗಿತ್ತು. ಸೌದೆಯ ಹೊರೆಯನ್ನು ನೈಸರ್ಗಿಕ ಕಾಡಿನಿಂದ ತಪ್ಪಿಸಲು ಅವರು ಬೇಗ ಬೆಳೆಯುವ ಮರಗಳ ನೆಡುತೋಪುಗಳಿಗೆ ಪ್ರೋತ್ಸಾಹ ನೀಡಿದರು. ನೀಲಗಿರಿಯಲ್ಲಿ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಮತ್ತು ನೀಲಗಿರಿ ಮರಗಳು, ಕರಾವಳಿಯಲ್ಲಿ ಗಾಳಿಮರ ಈ ಉದ್ದೇಶಕ್ಕೆ ಬಳಕೆಯಾದವು.

ಬಯಲುಸೀಮೆ ಮತ್ತು ಬೇಲಿಯ ಗಿಡಗಳು

ಕ್ಲೆಗ್‌ಹಾರ್ನ್ ಅವರ ಕೀರ್ತಿ ಘಟ್ಟದ ಕಾಡುಗಳ ಕೆಲಸದಿಂದ ಬಂದದ್ದಾದರೂ, ಒಣ ನಾಡಿನ ಸಸ್ಯಗಳೂ ಅವರ ಗಮನ ಸೆಳೆದಿದ್ದವು. ಭಾರತದ ಬೇಲಿ ಗಿಡಗಳು ಮತ್ತು ಅವು ಯಾವ ನೆಲಕ್ಕೆ ಹೊಂದುತ್ತವೆ ಎಂಬುದರ ಕುರಿತು ಅವರು 1850ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಮರ ವಿರಳವಾದ ಸೀಮೆಯಲ್ಲಿ ಹೊಲ ಕಾಯಲು ಒಣ ಮುಳ್ಳನ್ನು ಕಡಿದು ತರುವ ಬದಲು ಜೀವಂತ ಬೇಲಿ ಬೆಳೆಸಿದರೆ ಉಳಿದ ಕುರುಚಲಿನ ಮೇಲಿನ ಹೊರೆ ತಗ್ಗುತ್ತದೆ.

ಶಿವಮೊಗ್ಗದ ಪೂರ್ವಕ್ಕಿದ್ದ ಚಿತ್ರದುರ್ಗ ವಿಭಾಗದ ಈಶಾನ್ಯ ಭಾಗ ಇಂತಹ ಸೀಮೆ. ಇಂದಿನ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಕೊಂಡ್ಲಹಳ್ಳಿಯಂತಹ ಊರುಗಳ ಸುತ್ತ ಕಾಣುವುದು ಜಾಲಿ, ಬೇವು, ಕಾರೆ, ತಂಗಡಿ, ಕಳ್ಳಿ, ಕತ್ತಾಳೆಗಳು. ಬೆಟ್ಟಗುಡ್ಡಗಳಿರುವ ಕಡೆ ದಿಂಡಿಗ, ಕಗ್ಗಲಿ, ಸೋಮೆ. ಜಿಲ್ಲೆಯ ಒಣ ಕಾಡುಗಳ ವಿಶೇಷ ಮರ ಕಮರ. ಮಲೆನಾಡಿನ ತೇಗದ ಸಸಿಗೆ ಬೆಳಕಿನ ಕೊರತೆ ಅಡ್ಡಿಯಾದರೆ, ಇಲ್ಲಿನ ಕಮರದ ಸಸಿಗೆ ನೀರಿನ ಕೊರತೆ ಅಡ್ಡಿ. ಕಮರವು ಕೆಲವು ವರ್ಷಗಳಿಗೊಮ್ಮೆ ಮಾತ್ರ ಹೇರಳವಾಗಿ ಬೀಜ ಬಿಡುತ್ತದೆ; ಮೊಳೆತ ಸಸಿ ಮೊದಲು ಉದ್ದನೆಯ ತಾಯಿಬೇರನ್ನು ಇಳಿಸುತ್ತದೆ. ಬೀಜದ ವರ್ಷದ ಹಿಂದೆಯೇ ಒಳ್ಳೆಯ ಮಳೆಯ ವರ್ಷಗಳು ಬಂದರೆ ಮತ್ತು ದನಕುರಿಗಳಿಂದ ರಕ್ಷಣೆ ದೊರೆತರೆ ಮಾತ್ರ ಹೊಸ ತಲೆಮಾರಿನ ಮರ ನಿಲ್ಲುತ್ತದೆ. ಮ್ಯಾಸನಾಯಕರ ದೇವರ ಎತ್ತುಗಳ ಹಿಂಡುಗಳೂ ಅಮೃತ ಮಹಲ್ ಕಾವಲುಗಳೂ ಇರುವ ಈ ನಾಡಿನಲ್ಲಿ ಮೇವು ಮತ್ತು ಮರ ಎರಡನ್ನೂ ಉಳಿಸಿಕೊಳ್ಳುವ ಪ್ರಶ್ನೆಗೆ ಘಟ್ಟದ ತೇಗಕ್ಕಾಗಿ ರೂಪುಗೊಂಡ ನಿಯಮಗಳು ಉತ್ತರ ಕೊಡಲಾರವು.

ಮೈಸೂರು ರಾಜ್ಯದಲ್ಲಿ ಪ್ರತ್ಯೇಕ ಅರಣ್ಯ ಇಲಾಖೆ 1864ರಲ್ಲಿ ಆರಂಭವಾಯಿತು.

ಪಂಜಾಬ್ ಮತ್ತು ಹಿಮಾಲಯ

1861ರಲ್ಲಿ ಕ್ಲೆಗ್‌ಹಾರ್ನ್ ಅವರು ಕಾಗದ ತಯಾರಕರೂ ಸಂಸತ್ ಸದಸ್ಯರೂ ಆಗಿದ್ದ ಚಾರ್ಲ್ಸ್ ಕೋವನ್ ಅವರ ಮಗಳು ಮಾರ್ಜರಿ ಇಸಬೆಲ್ಲಾ ಅವರನ್ನು ವಿವಾಹವಾದರು. ಅದೇ ವರ್ಷ ಭಾರತ ಸರ್ಕಾರವು ಪಂಜಾಬಿನ ಕಾಡುಗಳನ್ನು ಪರಿಶೀಲಿಸಲು ಅವರನ್ನು ನಿಯೋಜಿಸಿತು. ಸಿಂಧೂ ನದಿಯ ಉಪನದಿಗಳ ಮೇಲ್ಕಣಿವೆಗಳಲ್ಲಿ ಸಂಚರಿಸಿ, ದೇವದಾರು ಮರಗಳ ಸ್ಥಿತಿಗತಿ, ಅವುಗಳನ್ನು ನದಿಯಲ್ಲಿ ತೇಲಿಸಿ ತರುವ ಸಾಧ್ಯತೆ, ಎಳೆಯ ಮರಗಳ ಬೆಳವಣಿಗೆ ಇವುಗಳನ್ನು ಅವರು ವಿವರಿಸಿದರು. ಈ ವರದಿ 1864ರಲ್ಲಿ ರೂರ್ಕಿಯಲ್ಲಿ ಮುದ್ರಣಗೊಂಡಿತು.

1864ರಲ್ಲಿ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಅವರು ರಜೆಯ ಮೇಲೆ ತೆರಳಿದ್ದಾಗ ಕ್ಲೆಗ್‌ಹಾರ್ನ್ ಹಂಗಾಮಿಯಾಗಿ ಆ ಹುದ್ದೆಯನ್ನು ನಿರ್ವಹಿಸಿದರು. 1860ರ ದಶಕದ ಕೊನೆಯಲ್ಲಿ ಅವರು ಭಾರತವನ್ನು ಬಿಟ್ಟು ಸ್ಕಾಟ್ಲೆಂಡಿಗೆ ಹಿಂದಿರುಗಿದರು.

ಕೊನೆಯ ವರ್ಷಗಳು

ಸ್ಟ್ರಾವಿಥೀಯಲ್ಲಿ ನೆಲೆಸಿದ ಕ್ಲೆಗ್‌ಹಾರ್ನ್ ತಮ್ಮ ಎಸ್ಟೇಟಿನ ನಿರ್ವಹಣೆಯ ಜೊತೆಗೆ ಅರಣ್ಯಶಾಸ್ತ್ರದ ಪ್ರಸಾರದಲ್ಲಿ ತೊಡಗಿಕೊಂಡರು. ಎಡಿನ್‌ಬರೊ ಸಸ್ಯಶಾಸ್ತ್ರ ಸಂಘದ ಹಾಗೂ ಸ್ಕಾಟ್ಲೆಂಡಿನ ವೃಕ್ಷಕೃಷಿ ಸಂಘದ ಅಧ್ಯಕ್ಷರಾಗಿದ್ದರು. ಭಾರತದ ಅರಣ್ಯ ಸೇವೆಗೆ ಅಭ್ಯರ್ಥಿಗಳನ್ನು ಆಯ್ಕೆ ಮಾಡುವಲ್ಲಿ ನೆರವಾದರು. ಆಗ ಅರಣ್ಯಾಧಿಕಾರಿಗಳು ತರಬೇತಿಗಾಗಿ ಜರ್ಮನಿ, ಫ್ರಾನ್ಸ್‌ಗಳಿಗೆ ಹೋಗಬೇಕಾಗಿತ್ತು. ಬ್ರಿಟನ್ನಿನಲ್ಲಿಯೇ ಇಂತಹ ಬೋಧನೆ ಇರಬೇಕೆಂದು ಒತ್ತಾಯಿಸಿದವರಲ್ಲಿ ಕ್ಲೆಗ್‌ಹಾರ್ನ್ ಒಬ್ಬರು. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ 1889ರಲ್ಲಿ ಅರಣ್ಯಶಾಸ್ತ್ರದ ಬೋಧನೆ ಆರಂಭವಾಯಿತು. 1887ರಲ್ಲಿ ಪತ್ನಿ ತೀರಿಕೊಂಡರು. ಕ್ಲೆಗ್‌ಹಾರ್ನ್ 1895ರ ಮೇ 16ರಂದು ಸ್ಟ್ರಾವಿಥೀಯಲ್ಲಿ ನಿಧನರಾದರು.

ಕೃತಿಗಳು

ಕ್ಲೆಗ್‌ಹಾರ್ನ್ ಅವರ ಪ್ರಮುಖ ಕೃತಿ ದಕ್ಷಿಣ ಭಾರತದ ಕಾಡುಗಳು ಮತ್ತು ತೋಟಗಳನ್ನು ಕುರಿತ ಗ್ರಂಥ. 1861ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಇದರಲ್ಲಿ ಅವರ ವಾರ್ಷಿಕ ವರದಿಗಳು, ಪ್ರವಾಸದ ಟಿಪ್ಪಣಿಗಳು, ಕುಮರಿಯ ಕುರಿತ ಬರಹ ಹಾಗೂ ಸಸ್ಯೋದ್ಯಾನಗಳ ವಿವರ ಸೇರಿವೆ. ಪಶ್ಚಿಮ ಘಟ್ಟದ ಪಾಚೋಂತಿ ಮರದ ಹಾಲಿನ ಉಪಯೋಗ, ತೆಂಗಿನ ಮರ, ಮದರಾಸು ಕಡಲತೀರದ ಮರಳನ್ನು ಹಿಡಿದಿಡುವ ಸಸ್ಯಗಳು ಅವರ ಇತರ ಬರಹಗಳ ವಿಷಯಗಳು.

ಅವರು ಬರೆಯಿಸಿದ ಹಾಗೂ ಸಂಗ್ರಹಿಸಿದ ಸುಮಾರು 3000 ಸಸ್ಯಚಿತ್ರಗಳು ಎಡಿನ್‌ಬರೊದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಅವುಗಳನ್ನು ಅಧ್ಯಯನ ಮಾಡಿದ ಹೆನ್ರಿ ನಾಲ್ಟಿ 2016ರಲ್ಲಿ ಕ್ಲೆಗ್‌ಹಾರ್ನ್ ಅವರ ಜೀವನ ಚರಿತ್ರೆಯನ್ನೂ ಚಿತ್ರಸಂಗ್ರಹದ ಪರಿಚಯವನ್ನೂ ಪ್ರಕಟಿಸಿದರು.

ಮೌಲ್ಯಮಾಪನ

ಕ್ಲೆಗ್‌ಹಾರ್ನ್ ಅವರ ಬಗ್ಗೆ ಇತಿಹಾಸಕಾರರಲ್ಲಿ ಎರಡು ನಿಲುವುಗಳಿವೆ. ಹಣ ಮತ್ತು ನಾಟಾಕ್ಕಿಂತ ನೀರು, ಮಣ್ಣು, ಹವಾಮಾನಗಳ ಕಾಳಜಿಯಿಂದ ಕಾಡಿನ ರಕ್ಷಣೆಗೆ ವಾದಿಸಿದ ವೈದ್ಯರ ಪರಂಪರೆಯಲ್ಲಿ ರಿಚರ್ಡ್ ಗ್ರೋವ್ ಅವರು ಕ್ಲೆಗ್‌ಹಾರ್ನ್ ಅವರನ್ನು ಇರಿಸುತ್ತಾರೆ. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರ ಬರಹಗಳು ವಸಾಹತುಶಾಹಿ ಅರಣ್ಯ ನೀತಿಯು ಸ್ಥಳೀಯರ ಹಕ್ಕುಗಳನ್ನು ಕಸಿದು, ಸಾಮ್ರಾಜ್ಯದ ಅಗತ್ಯಗಳಿಗೆ ಕಾಡನ್ನು ಒದಗಿಸಿತೆಂಬುದನ್ನು ಎತ್ತಿ ತೋರಿಸುತ್ತವೆ. 1878ರ ಭಾರತೀಯ ಅರಣ್ಯ ಕಾಯ್ದೆ ಮತ್ತು 1882ರ ಮದರಾಸು ಅರಣ್ಯ ಕಾಯ್ದೆಗಳು ಕ್ಲೆಗ್‌ಹಾರ್ನ್ ಅವರ ಕಾಲದ ನಂತರ ಬಂದವು. ಆದರೂ ಕಾಡು ಸರ್ಕಾರದ್ದು, ಬಳಕೆಗೆ ಅನುಮತಿ ಬೇಕು ಎಂಬ ತತ್ತ್ವ ಅವರ ಇಲಾಖೆಯ ಕಾಲದಲ್ಲಿಯೇ ಬೇರೂರಿತ್ತು.

ಕಾಡಿನ ಜಾತಿ ಸಂಯೋಜನೆ ಮತ್ತು ಮರುಹುಟ್ಟಿನ ಅಧ್ಯಯನ ಈಗ ಬಹಳ ಮುಂದುವರಿದಿದೆ. ಪುದುಚೇರಿಯ ಫ್ರೆಂಚ್ ಸಂಸ್ಥೆ 1982ರಲ್ಲಿ ಶಿವಮೊಗ್ಗ ಪ್ರದೇಶವನ್ನೊಳಗೊಂಡ ಅರಣ್ಯ ನಕ್ಷೆಯನ್ನು ಹೊರತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮುದುಮಲೈನಲ್ಲಿ 50 ಹೆಕ್ಟೇರ್ ಒಣ ಎಲೆಯುದುರುವ ಕಾಡನ್ನು 1988ರಿಂದ ಗುರುತು ಹಾಕಿ, ಪ್ರತಿ ಮರದ ಹುಟ್ಟು ಸಾವುಗಳನ್ನು ದಾಖಲಿಸುತ್ತ ಬಂದಿದ್ದಾರೆ. ಬೆಂಕಿ, ಆನೆ, ಬರಗಾಲಗಳು ಯಾವ ಜಾತಿಯನ್ನು ಹೇಗೆ ಬಾಧಿಸುತ್ತವೆ ಎಂಬುದು ಇಂತಹ ದೀರ್ಘಕಾಲದ ಎಣಿಕೆಯಿಂದ ಮಾತ್ರ ತಿಳಿಯುತ್ತದೆ.

ಗೌರವ

ರಾಬರ್ಟ್ ವೈಟ್ ಅವರು ಕಣಗಿಲೆಯ ಕುಟುಂಬಕ್ಕೆ ಸೇರಿದ ಬಳ್ಳಿಗಳ ಒಂದು ಕುಲಕ್ಕೆ ಕ್ಲೆಗ್‌ಹಾರ್ನಿಯಾ ಎಂದು ಹೆಸರಿಟ್ಟಿದ್ದಾರೆ. ಸಸ್ಯಗಳ ವೈಜ್ಞಾನಿಕ ಹೆಸರುಗಳಲ್ಲಿ ಕರ್ತೃವನ್ನು ಸೂಚಿಸುವಾಗ ಅವರ ಕುಲನಾಮವನ್ನೇ ಬಳಸಲಾಗುತ್ತದೆ.